ಸೋರಿಕೆ ನಡುಮನೆಯಲ್ಲಿತ್ತು: ಸೂಪರ್‌ಚಾರ್ಜರ್ ಕಾರೊಂದರ ಜರ್ಕ್ ಮತ್ತು ಮಿಸ್‌ಫೈರ್ ಪ್ರಕರಣ

ಹಿನ್ನೆಲೆ

ನಾಲ್ಕು ಸಿಲಿಂಡರಿನ 1.6 ಲೀಟರ್ ಪೆಟ್ರೋಲ್ ಎಂಜಿನ್. ಕಾರ್ಖಾನೆಯಿಂದಲೇ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ (ಬೆಲ್ಟ್‌ನಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಬ್ಲೋವರ್) ಮತ್ತು ಆ ಬಿಸಿ ಗಾಳಿಯನ್ನು ತಣಿಸುವ, ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಇದ್ದವು. ಕಾರಿನ ಮಾದರಿ, ಮಾಲೀಕರು, ಅದನ್ನು ನೋಡಿದ ವರ್ಕ್‌ಶಾಪ್‌ಗಳ ಗುರುತನ್ನು ಇಲ್ಲಿ ಬಿಡಲಾಗಿದೆ.

ಹಿಂದಿನ ಮಾಲೀಕರು ಸೂಪರ್‌ಚಾರ್ಜರಿಗೆ ಶೇ. 15ರಷ್ಟು ಚಿಕ್ಕ ವ್ಯಾಸದ ಪುಲ್ಲಿ ಹಾಕಿಸಿ, ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಅದಕ್ಕೆ ತಕ್ಕ ಮ್ಯಾಪ್ (ಇಂಧನ, ಕಿಡಿಗಳ ಲೆಕ್ಕದ ಪಟ್ಟಿ) ಬರೆಸಿದ್ದರು. ಪುಲ್ಲಿ ಶೇ. 15 ಕಿರಿದಾದರೆ ಬ್ಲೋವರ್ ಸುಮಾರು ಶೇ. 17.6 ಹೆಚ್ಚು ವೇಗವಾಗಿ ತಿರುಗುತ್ತದೆ. ಈ ಕಾರಿನಲ್ಲಿ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ, 0.8 ಬಾರ್‌ವರೆಗೆ ಏರುತ್ತಿತ್ತು. ಈ ಸಂಗತಿ ಮೊದಲ ಎರಡು ವರ್ಕ್‌ಶಾಪ್‌ಗಳಿಗೆ ಗೊತ್ತಿರಲಿಲ್ಲ. ಅವರು ಕೇಳಿರಲಿಲ್ಲ, ಮಾಲೀಕರಿಗೆ ಹೇಳಬೇಕೆಂದು ತೋಚಿರಲಿಲ್ಲ.

ಮುಂದಿನದೆಲ್ಲ ಅರ್ಥವಾಗಬೇಕಾದರೆ ಈ ಎಂಜಿನ್ನಿನ ಗಾಳಿದಾರಿಯನ್ನು ಒಮ್ಮೆ ನೋಡಬೇಕು. ಅದು ಮೂರು ಭಾಗದ ಮನೆಯಂತೆ. ಏರ್ ಫಿಲ್ಟರ್ ಮತ್ತು ಒಳಬರುವ ಗಾಳಿಯನ್ನು ಅಳೆಯುವ ಮ್ಯಾಫ್ ಸೆನ್ಸರಿನಿಂದ, ಗಾಳಿಯನ್ನು ತಡೆದು ಬಿಡುವ ತಟ್ಟೆಯಿರುವ ಥ್ರಾಟಲ್ ಬಾಡಿಯವರೆಗೆ ಜಗಲಿ. ಥ್ರಾಟಲ್‌ನಿಂದ ಬ್ಲೋವರಿನ ಬಾಯಿಯವರೆಗೆ ನಡುಮನೆ. ಬ್ಲೋವರಿನಿಂದ ಇಂಟರ್‌ಕೂಲರ್ ದಾಟಿ ಇನ್‌ಟೇಕ್ ವಾಲ್ವ್‌ವರೆಗೆ ಒಳಮನೆ. ನಡುಮನೆಗೂ ಒಳಮನೆಗೂ ನಡುವೆ ಬೈಪಾಸ್ ವಾಲ್ವ್ ಎಂಬ ಕಿಟಕಿ ಇದೆ. ನಡುಮನೆಯ ವ್ಯಾಕ್ಯೂಮ್ ಒಂದು ರಬ್ಬರ್ ಡಯಾಫ್ರಮ್ ಅನ್ನು ಎಳೆದು ಈ ಕಿಟಕಿಯನ್ನು ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಐಡಲಿಂಗ್‌ನಲ್ಲೂ ಹಗುರವಾಗಿ ಓಡಿಸುವಾಗಲೂ ಕಿಟಕಿ ತೆರೆದಿದ್ದು, ಬ್ಲೋವರ್ ತಳ್ಳಿದ ಹೆಚ್ಚುವರಿ ಗಾಳಿ ಸುತ್ತಿ ಅದರ ಬಾಯಿಗೇ ಮರಳುತ್ತದೆ. ಆಕ್ಸಿಲರೇಟರ್ ಒತ್ತಿದಾಗ ವ್ಯಾಕ್ಯೂಮ್ ಇಳಿದು, ಕಿಟಕಿ ಮುಚ್ಚಿ, ಬೂಸ್ಟ್ ಕಟ್ಟಿಕೊಳ್ಳುತ್ತದೆ.

ನಡುಮನೆ ಎಂದೂ ಬೂಸ್ಟ್ ಕಾಣುವುದಿಲ್ಲ. ಅಲ್ಲಿರುವುದು ವ್ಯಾಕ್ಯೂಮ್, ಇಲ್ಲವೇ ಹೊರಗಿನ ಗಾಳಿಗೆ ಹತ್ತಿರದ ಒತ್ತಡ. ಒಳಮನೆಯಲ್ಲಿ ಒಮ್ಮೆ ವ್ಯಾಕ್ಯೂಮ್, ಒಮ್ಮೆ ಬೂಸ್ಟ್. ಈ ಪ್ರಕರಣದ ಗಂಟು ಬಿಚ್ಚಿಕೊಂಡದ್ದು ಇಷ್ಟರಿಂದಲೇ.

ತೊಂದರೆ

ದೂರುಗಳು ಮೂರಿದ್ದವು. ಎಂಜಿನ್ ಬಿಸಿಯಾದ ಮೇಲೆ ಐಡಲಿಂಗ್ 720ರಿಂದ 980 ಆರ್‌ಪಿಎಂ ನಡುವೆ ಏರಿಳಿಯುತ್ತಿತ್ತು. 1,800ರಿಂದ 2,500 ಆರ್‌ಪಿಎಂನಲ್ಲಿ ಕಾಲನ್ನು ಒಂದೇ ಕಡೆ ಇಟ್ಟು ಓಡಿಸಿದರೂ ಕಾರು ಮುಂದೆ ನುಗ್ಗಿ, ಹಿಂದೆ ಜಗ್ಗಿ, ಮತ್ತೆ ನುಗ್ಗುತ್ತಿತ್ತು. 4,800 ಆರ್‌ಪಿಎಂ ದಾಟಿ ಪೂರ್ತಿ ಒತ್ತಿದರೆ ಎಂಜಿನ್ ಕೆಮ್ಮುತ್ತಿತ್ತು, ಒಮ್ಮೊಮ್ಮೆ ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು.

ದೀಪ ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗಿದರೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುವಷ್ಟು ಮಿಸ್‌ಫೈರ್ (ಸಿಲಿಂಡರಿನಲ್ಲಿ ಮಿಶ್ರಣ ಉರಿಯದೆ ಹೋಗುವುದು) ಆಗುತ್ತಿದೆ ಎಂದರ್ಥ. ಸುಡದ ಪೆಟ್ರೋಲ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದನ್ನು ಕರಗಿಸಬಲ್ಲದು. ಹೀಗಾಗಿ ಮೂರನೆಯ ವರ್ಕ್‌ಶಾಪ್ ಮೊದಲ ದಿನವೇ ಒಂದು ನಿರ್ಧಾರ ಮಾಡಿತು: ಮಿಶ್ರಣ ಲೀನ್ ಆಗುತ್ತಿರುವ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರದಿರುವ, ಕಾರಣ ಸಿಗುವವರೆಗೆ ಪೂರ್ತಿ ಥ್ರಾಟಲ್‌ನ ಪರೀಕ್ಷೆ ಬೇಡ. ಲೀನ್ ಮಿಶ್ರಣಕ್ಕೆ ಬೂಸ್ಟ್ ಸೇರಿದರೆ ಪಿಸ್ಟನ್‌ಗೇ ಪೆಟ್ಟು ಬೀಳುತ್ತದೆ.

ಇಸಿಯುನಲ್ಲಿ ಎರಡು ದೋಷ ಕೋಡ್‌ಗಳಿದ್ದವು: ಪಿ0171, ಅಂದರೆ ಮಿಶ್ರಣ ಲೀನ್, ಪಿ0300, ಅಂದರೆ ಇಂಥದೇ ಸಿಲಿಂಡರ್ ಎಂದಿಲ್ಲದ ಮಿಸ್‌ಫೈರ್.

ಅದುವರೆಗೆ ಮಾಡಿದ್ದು

ಮೊದಲ ವರ್ಕ್‌ಶಾಪ್ ಪಿ0171 ನೋಡಿ, ಎಕ್ಸಾಸ್ಟ್‌ನ ಆಮ್ಲಜನಕ ನೋಡಿ ಮಿಶ್ರಣ ತಿಳಿಸುವ ಆಕ್ಸಿಜನ್ ಸೆನ್ಸರ್ ಬದಲಿಸಿತು. ಹಳೆಯ ಸೆನ್ಸರ್ ಸರಿಯಾಗಿಯೇ ಹೇಳುತ್ತಿತ್ತು, ಮಿಶ್ರಣ ನಿಜಕ್ಕೂ ಲೀನ್ ಇತ್ತು. ಹೊಸ ಸೆನ್ಸರ್ ಕೂಡ ಅದನ್ನೇ ಹೇಳಿತು.

ಎರಡನೆಯದು ಥ್ರಾಟಲ್ ಬಾಡಿ ಮತ್ತು ಮ್ಯಾಫ್ ಸೆನ್ಸರ್ ತೊಳೆದು, ನಾಲ್ಕು ಹೊಸ ಸ್ಪಾರ್ಕ್ ಪ್ಲಗ್ ಹಾಕಿ, ಅವಕ್ಕೆ ವಿದ್ಯುತ್ ಕೊಡುವ ಕಾಯಿಲ್‌ಗಳಲ್ಲಿ ಒಂದನ್ನು ಬದಲಿಸಿತು. ಆಮೇಲೆ ಎಂಜಿನ್ ಓಡುತ್ತಿರುವಾಗ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸುತ್ತ ಕಾರ್ಬ್ ಕ್ಲೀನರ್ ಸಿಂಪಡಿಸಿ ನೋಡಿದರು. ಆರ್‌ಪಿಎಂ ಬದಲಾಯಿತು. ಗ್ಯಾಸ್ಕೆಟ್ ಸೋರುತ್ತಿದೆ ಎಂದು ತೀರ್ಮಾನಿಸಿ, ಇಂಟರ್‌ಕೂಲರ್ ಮತ್ತು ಮ್ಯಾನಿಫೋಲ್ಡ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದರು. ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ. ಸಿಂಪಡಿಸಿದ ಆವಿ ಗ್ಯಾಸ್ಕೆಟ್ ಬಳಿಯೇ ನಿಂತಿರಲಿಲ್ಲ, ಸೂಪರ್‌ಚಾರ್ಜರಿನ ಅಡಿಗೆ ಇಳಿದು ಬೇರೊಂದು ತೂತಿನಿಂದ ಒಳಹೋಗಿತ್ತು. ಇಕ್ಕಟ್ಟಾದ ಎಂಜಿನ್ ಬೇಯಲ್ಲಿ ಸ್ಪ್ರೇ ಪರೀಕ್ಷೆ ಸೋರಿಕೆ ಇದೆ ಎಂದಷ್ಟೇ ಹೇಳುತ್ತದೆ, ಜಾಗವನ್ನು ನಂಬಿಕೆಯಿಂದ ತೋರಿಸದು. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವಾಗ ಅದು ಬೆಂಕಿಯ ಅಪಾಯವೂ ಹೌದು.

ಬಿಚ್ಚುವ ಮೊದಲು ಅಳೆದದ್ದು

ಮೂರನೆಯ ವರ್ಕ್‌ಶಾಪ್ ಮೊದಲ ದಿನ ಕಂಪ್ರೆಷನ್ ಪರೀಕ್ಷೆಗೆ ಪ್ಲಗ್ ತೆಗೆದದ್ದು ಬಿಟ್ಟರೆ ಏನನ್ನೂ ಬಿಚ್ಚಲಿಲ್ಲ. ಕೂಲೆಂಟ್ 85 ಡಿಗ್ರಿ ದಾಟಿದ ಮೇಲೆ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಮೂರು ಸ್ಥಿತಿಗಳ ಫ್ಯೂಯೆಲ್ ಟ್ರಿಮ್ ಬರೆದುಕೊಂಡರು. ಮಿಶ್ರಣ ಸರಿದೂಗಿಸಲು ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ (ಪ್ಲಸ್) ಅಥವಾ ತಗ್ಗಿಸುತ್ತಿದೆ (ಮೈನಸ್) ಎಂಬ ಲೆಕ್ಕ ಅದು. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಕಲಿತಿಟ್ಟದ್ದು) ಎರಡನ್ನೂ ಕೂಡಿದಾಗ ಐಡಲಿಂಗ್‌ನಲ್ಲಿ ಪ್ಲಸ್ 19, ನಿಂತಲ್ಲೇ 2,500 ಆರ್‌ಪಿಎಂನಲ್ಲಿ ಪ್ಲಸ್ 9, ಏರುದಾರಿಯಲ್ಲಿ ಬೂಸ್ಟ್ ಆಗಷ್ಟೇ ಶುರುವಾಗುವ ಹಂತದಲ್ಲಿ ಪ್ಲಸ್ 2.

ಪೂರ್ತಿ ಥ್ರಾಟಲ್‌ನಲ್ಲಿ ಟ್ರಿಮ್ ನೋಡಿ ಪ್ರಯೋಜನವಿಲ್ಲ. ಆಗ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದನ್ನು ಬಿಟ್ಟು, ಮ್ಯಾಪ್‌ನಲ್ಲಿ ಬರೆದಿರುವಷ್ಟು ಇಂಧನ ಹಾಕುತ್ತದೆ. ಅದಕ್ಕೇ ಮೂರನೆಯ ಅಳತೆಯನ್ನು ಹಗುರ ಬೂಸ್ಟ್‌ನಲ್ಲಿ ತೆಗೆದದ್ದು.

ಈ ಮೂರು ಅಂಕಿಗಳು ಬಹಳಷ್ಟು ಅನುಮಾನಗಳನ್ನು ಗುಡಿಸಿ ಹಾಕಿದವು. ಮ್ಯಾಫ್ ಸೆನ್ಸರ್ ಕೊಳೆಯಾಗಿ ಕಡಿಮೆ ತೋರಿಸುತ್ತಿದ್ದರೆ ಅಥವಾ ಇಂಧನ ಸಾಲದೆ ಹೋಗುತ್ತಿದ್ದರೆ, ಸಾಮಾನ್ಯವಾಗಿ ಲೋಡ್ ಏರಿದಂತೆ ಟ್ರಿಮ್ ಕೆಡಬೇಕು. ಇಲ್ಲಿ ಲೋಡ್ ಏರಿದಂತೆ ಸರಿಹೋಗುತ್ತಿತ್ತು. ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಒಳಬರುತ್ತಿದೆ, ಐಡಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆಯಾದ್ದರಿಂದ ಅಲ್ಲಿ ಅದರ ಪಾಲು ದೊಡ್ಡದು.

ಎಲ್ಲಿಂದ ಎಂಬುದಕ್ಕೂ ಸುಳಿವು ಇದರಲ್ಲೇ ಇತ್ತು. ಸೋರಿಕೆ ಜಗಲಿಯಲ್ಲಿದ್ದರೆ ಐಡಲಿಂಗ್‌ನಲ್ಲಿ ಅಷ್ಟು ತೋರುವುದಿಲ್ಲ. ಗಾಳಿಯ ಹರಿವು ಹೆಚ್ಚಿ ಅಲ್ಲಿನ ಒತ್ತಡ ತುಸು ಕುಸಿದಾಗ ಲೀನ್ ಆಗುತ್ತದೆ. ಒಳಮನೆಯಲ್ಲಿದ್ದರೆ ಐಡಲಿಂಗ್‌ನಲ್ಲಿ ಲೀನ್. ಬೂಸ್ಟ್ ಬಂದಾಗ ಅಳೆದ ಗಾಳಿಯೇ ಹೊರಗೆ ಹಾರಿಹೋಗುವುದರಿಂದ ರಿಚ್ (ಪೆಟ್ರೋಲ್ ಹೆಚ್ಚು), ಅಂದರೆ ಟ್ರಿಮ್ ಮೈನಸ್ ಕಡೆಗೆ. ನಡುಮನೆಯಲ್ಲಿದ್ದರೆ ಐಡಲಿಂಗ್‌ನಲ್ಲಿ ಲೀನ್. ಥ್ರಾಟಲ್ ತೆರೆದಂತೆ ವ್ಯಾಕ್ಯೂಮ್ ಕರಗಿ ಟ್ರಿಮ್ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ, ಮೈನಸ್‌ಗೆ ದಾಟುವುದಿಲ್ಲ. 19, 9, 2 ಎಂಬ ಸಾಲು ನಡುಮನೆಯದು. ಆದರೆ ಅಂದು ಆ ಸಾಲನ್ನು ಹಾಗೆ ಯಾರೂ ಓದಲಿಲ್ಲ. ‘ವ್ಯಾಕ್ಯೂಮ್ ಲೀಕ್’ ಎಂದಷ್ಟೇ ಬರೆದಿಟ್ಟರು. ಅದರ ಬೆಲೆ ಅರ್ಧ ದಿನ.

ಎರಡನೆಯ ಅಳತೆ ನುಗ್ಗಾಟಕ್ಕೆ ಸಂಬಂಧಿಸಿದ್ದು. ಆಕ್ಸಿಲರೇಟರ್ ಪೆಡಲಿನ ಸ್ಥಾನ, ಥ್ರಾಟಲ್ ತಟ್ಟೆಯ ಸ್ಥಾನ, ಮ್ಯಾನಿಫೋಲ್ಡ್ ಒತ್ತಡ, ಈ ಮೂರನ್ನೂ ಒಂದೇ ಗ್ರಾಫಿನಲ್ಲಿ ಹಾಕಿ 2,000 ಆರ್‌ಪಿಎಂನಲ್ಲಿ ಕಾಲು ಅಲುಗಿಸದೆ ಓಡಿಸಿದರು. ಪೆಡಲಿನ ಗೆರೆ ನೇರ. ತಟ್ಟೆಯ ಗೆರೆಯೂ ನೇರ. ಮ್ಯಾನಿಫೋಲ್ಡ್ ಒತ್ತಡ ಮಾತ್ರ ಗರಗಸದ ಹಲ್ಲಿನಂತೆ 70ರಿಂದ 95 ಕಿಲೋಪ್ಯಾಸ್ಕಲ್ ನಡುವೆ, ಸೆಕೆಂಡಿಗೆ ಸುಮಾರು ಎರಡು ಸಲ ಜಿಗಿಯುತ್ತಿತ್ತು.

ಪೆಡಲ್ ಸೆನ್ಸರ್, ಥ್ರಾಟಲ್ ಮೋಟಾರ್, ವೈರಿಂಗ್ ಮೇಲಿನ ಶಂಕೆ ಈ ಒಂದು ಗ್ರಾಫಿನಿಂದ ಮುಗಿಯಿತು. ಆಜ್ಞೆ ಸರಿಯಾಗಿ ಹೋಗುತ್ತಿದೆ, ತಟ್ಟೆ ಅದನ್ನು ಪಾಲಿಸುತ್ತಿದೆ. ತಟ್ಟೆಯ ಆಚೆ ಯಾವುದೋ ಯಂತ್ರಭಾಗ ತಾನೇ ತೆರೆದು ಮುಚ್ಚುತ್ತಿದೆ. ಹತ್ತು ನಿಮಿಷದ ಈ ಕೆಲಸವನ್ನು ಮೊದಲೇ ಮಾಡಿದ್ದರೆ ಥ್ರಾಟಲ್ ಬಾಡಿ ತೊಳೆಯುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ಕಂಪ್ರೆಷನ್ ನಾಲ್ಕೂ ಸಿಲಿಂಡರುಗಳಲ್ಲಿ 10.6ರಿಂದ 11.1 ಬಾರ್ ಬಂತು, ಆರೋಗ್ಯವಾಗಿತ್ತು. ಈ ಪರೀಕ್ಷೆಯಲ್ಲಿ ಥ್ರಾಟಲ್ ತಟ್ಟೆ ಪೂರ್ತಿ ತೆರೆದಿರಬೇಕು, ಇಲ್ಲದಿದ್ದರೆ ನಾಲ್ಕೂ ಸಿಲಿಂಡರುಗಳಲ್ಲಿ ಕಡಿಮೆ ಬಂದು ದಾರಿ ತಪ್ಪಿಸುತ್ತದೆ.

ಹೊಗೆ ತೋರಿಸದ ಸೋರಿಕೆ

ಮರುದಿನ ಸ್ಮೋಕ್ ಟೆಸ್ಟ್, ಅಂದರೆ ಗಾಳಿದಾರಿಗೆ ಹೊಗೆ ತುಂಬಿ ಅದು ಎಲ್ಲಿ ಹೊರಬರುತ್ತದೆ ಎಂದು ನೋಡುವ ಪರೀಕ್ಷೆ. ಬೂಸ್ಟ್ ಗೇಜ್‌ಗೆಂದು ಮ್ಯಾನಿಫೋಲ್ಡ್‌ನಿಂದ ಎಳೆದಿದ್ದ ನಳಿಕೆ ಕೈಗೆ ಸಿಗುವಂತಿತ್ತು. ಅದರಿಂದ ಸುಮಾರು 0.07 ಬಾರ್ ಒತ್ತಡದಲ್ಲಿ ಹೊಗೆ ಬಿಟ್ಟು ಐದು ನಿಮಿಷ ಕಾದರು. ಹೊಗೆ ಎಲ್ಲೂ ಬರಲಿಲ್ಲ.

ಪ್ರಕರಣ ತಪ್ಪು ದಾರಿ ಹಿಡಿಯಲು ಇದ್ದ ದೊಡ್ಡ ಅವಕಾಶ ಇದು. ಸೋರಿಕೆ ಇಲ್ಲವೆಂದಾದರೆ ಹೊಸ ಮ್ಯಾಫ್ ಸೆನ್ಸರ್, ಅದಾದ ಮೇಲೆ ಫ್ಯೂಯೆಲ್ ಪಂಪ್, ಕೊನೆಗೆ ಇಸಿಯು ಮ್ಯಾಪ್ ಎಂಬ ಸಾಲು ಸಿದ್ಧವಾಗಿತ್ತು. ಅದನ್ನು ತಡೆದದ್ದು ಹಿಂದಿನ ದಿನ ಬರೆದಿಟ್ಟ ಅಂಕಿಗಳು. ಐಡಲಿಂಗ್‌ನಲ್ಲಿ ಪ್ಲಸ್ 19 ತೋರಿಸುವ ಎಂಜಿನ್ ಸೋರುತ್ತಿಲ್ಲ ಎಂದು ಹೊಗೆ ಹೇಳಿದರೆ, ಪ್ರಶ್ನಿಸಬೇಕಾದದ್ದು ಹೊಗೆ ಬಿಟ್ಟ ಕ್ರಮವನ್ನು.

ಕ್ರಮ ತಪ್ಪಾಗಿತ್ತು. ಎಂಜಿನ್ ನಿಂತಿರುವಾಗ ವ್ಯಾಕ್ಯೂಮ್ ಇಲ್ಲ. ಸ್ಪ್ರಿಂಗ್ ಬೈಪಾಸ್ ವಾಲ್ವನ್ನು ಮುಚ್ಚಿರುತ್ತದೆ. ಒಳಮನೆಗೆ ಬಿಟ್ಟ ಹೊಗೆ ಬ್ಲೋವರಿನ ರೋಟರ್‌ಗಳ ಸಣ್ಣ ಸಂದಿಯಿಂದಷ್ಟೇ ನುಸುಳಬೇಕು. ಹಾಗೆ ನುಸುಳಿದ ಅಷ್ಟಿಷ್ಟು ಹೊಗೆಯೂ ಥ್ರಾಟಲ್ ತಟ್ಟೆಯ ಅಂಚಿನಿಂದ ಏರ್ ಫಿಲ್ಟರ್ ಕಡೆಗೆ ಹೊರಟುಹೋಗುತ್ತಿತ್ತು, ಏಕೆಂದರೆ ಆ ಕಡೆ ಮುಚ್ಚಿರಲಿಲ್ಲ. ನಡುಮನೆಯ ಪರೀಕ್ಷೆ ನಡೆದೇ ಇರಲಿಲ್ಲ.

ಈ ಸಲ ಥ್ರಾಟಲ್ ಬಾಡಿಯ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಬ್ರೇಕ್ ಬೂಸ್ಟರಿನ ಹೋಸ್ ಕಳಚಿ, ಅಲ್ಲಿಂದ ಹೊಗೆ ಬಿಟ್ಟರು. ಈ ಕಾರಿನಲ್ಲಿ ಆ ಹೋಸ್ ನಡುಮನೆಗೆ ಸೇರುತ್ತದೆ. ಅರ್ಧ ನಿಮಿಷದೊಳಗೆ ಸೂಪರ್‌ಚಾರ್ಜರಿನ ಅಡಿಯಿಂದ ಹೊಗೆಯ ಎಳೆ ಎದ್ದಿತು. ಕನ್ನಡಿ ಹಿಡಿದು ನೋಡಿದಾಗ ಅದು ಬೈಪಾಸ್ ಆಕ್ಚುಯೇಟರಿನ, ಅಂದರೆ ಡಯಾಫ್ರಮ್ ಕೂತಿರುವ ಡಬ್ಬಿಯ, ಕಡ್ಡಿ ಹೊರಬರುವ ತೂತಿನಿಂದ ಬರುತ್ತಿತ್ತು. ಡಯಾಫ್ರಮ್ ಸರಿ ಇದ್ದರೆ ಆ ಬದಿಗೆ ಹೊಗೆ ದಾಟುವಂತೆಯೇ ಇಲ್ಲ.

ಖಚಿತಪಡಿಸಿಕೊಳ್ಳಲು ಕೈ ವ್ಯಾಕ್ಯೂಮ್ ಪಂಪ್ ಜೋಡಿಸಿದರು. ಸುಮಾರು 12 ಕಿಲೋಪ್ಯಾಸ್ಕಲ್‌ವರೆಗೆ ಮುಳ್ಳು ನಿಂತಿತು, ಕಡ್ಡಿ ಸ್ವಲ್ಪ ಚಲಿಸಿತು, ತಕ್ಷಣ ಮುಳ್ಳು ಬಿದ್ದು ಕಡ್ಡಿ ಹಿಂದೆ ಸರಿಯಿತು. ಮತ್ತೆ ಪಂಪ್ ಮಾಡಿದರೆ ಮತ್ತೆ ಅದೇ. ರಸ್ತೆಯಲ್ಲಿನ ನುಗ್ಗಾಟ ಬೆಂಚಿನ ಮೇಲೆ ಹಾಗೆಯೇ ಕಾಣಿಸಿತು.

ಆಕ್ಚುಯೇಟರ್ ಕತ್ತರಿಸಿ ನೋಡಿದಾಗ ಡಯಾಫ್ರಮ್‌ನ ಅಂಚಿನ ಮಡಿಕೆಯಲ್ಲಿ ಸುಮಾರು 8 ಮಿ.ಮೀ. ಉದ್ದದ ಸೀಳಿತ್ತು. ವ್ಯಾಕ್ಯೂಮ್ ಎಳೆದಾಗ ವಾಲ್ವ್ ಅರ್ಧ ತೆರೆಯುತ್ತದೆ, ಮಡಿಕೆ ಬಿಚ್ಚಿ ಸೀಳು ಬಾಯ್ತೆರೆಯುತ್ತದೆ, ವ್ಯಾಕ್ಯೂಮ್ ಸೋರಿ ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ, ಬ್ಲೋವರ್ ಒಳಮನೆಗೆ ಗಾಳಿ ತುಂಬುತ್ತದೆ, ಕಾರು ನುಗ್ಗುತ್ತದೆ. ಅಷ್ಟರಲ್ಲಿ ಸೀಳು ಮುಚ್ಚಿಕೊಂಡು ವ್ಯಾಕ್ಯೂಮ್ ಮತ್ತೆ ಕಟ್ಟಿಕೊಳ್ಳುತ್ತದೆ. ಅದೇ ಸೀಳಿನಿಂದ ಅಳೆಯದ ಗಾಳಿಯೂ ಒಳಬರುತ್ತದೆ. ವಾಲ್ವ್ ಪೂರ್ತಿ ತೆರೆಯದ ಕಾರಣ ಬ್ಲೋವರ್ ನಡುಮನೆಯನ್ನು ಇನ್ನಷ್ಟು ಹೀರುವುದರಿಂದ ಆ ಗಾಳಿಯ ಪ್ರಮಾಣವೂ ಹೆಚ್ಚುತ್ತದೆ. ಲೀನ್ ಕೋಡ್, ಐಡಲಿಂಗ್ ಏರಿಳಿತ, ನುಗ್ಗಾಟ, ಮೂರಕ್ಕೂ ಬೇರು ಒಂದೇ.

ಹೊಸ ಆಕ್ಚುಯೇಟರ್ ಹಾಕುವ ಮುನ್ನ ವಾಲ್ವಿನ ಕಡ್ಡಿಯನ್ನು ಬೆರಳಿನಿಂದ ಆಡಿಸಿ ನೋಡಿದರು. ಎಣ್ಣೆ ಜಿಡ್ಡು ಒಣಗಿ ಶಾಫ್ಟ್ ಬಿಗಿಯಾಗಿತ್ತು. ಅದನ್ನು ತೊಳೆಯದೆ ಹೊಸದನ್ನು ಹಾಕಿದ್ದರೆ ವಾಲ್ವ್ ತಡವರಿಸುವುದು ಮುಂದುವರಿಯುತ್ತಿತ್ತು. ಹೊಸದು 17 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿ ಚಲಿಸಲಾರಂಭಿಸಿ, 34ರೊಳಗೆ ಪೂರ್ತಿ ತೆರೆದು, ಎರಡು ನಿಮಿಷ ಇಳಿಯದೆ ನಿಂತಿತು. ಈ ಅಂಕಿಗಳು ಈ ಘಟಕದವು. ಬೇರೆ ಮಾದರಿಯಲ್ಲಿ ಸ್ಪ್ರಿಂಗ್ ಬೇರೆ ಇರುತ್ತದೆ.

ಟ್ರಿಮ್ ಕಲಿಕೆಯನ್ನು ಅಳಿಸಿ, ಎರಡು ದಿನ ಓಡಿಸಿ ನೋಡಿದಾಗ ಐಡಲಿಂಗ್‌ನಲ್ಲಿ ಪ್ಲಸ್ 3, 2,500 ಆರ್‌ಪಿಎಂನಲ್ಲಿ ಪ್ಲಸ್ 1. ಗರಗಸದ ಗೆರೆ ನೇರವಾಗಿತ್ತು.

ಉಳಿದ ಕೆಮ್ಮು

ಲೀನ್ ಹೋದ ಮೇಲೆ ಪೂರ್ತಿ ಥ್ರಾಟಲ್ ಪರೀಕ್ಷೆಗೆ ಅಡ್ಡಿ ಇರಲಿಲ್ಲ. 4,800 ದಾಟಿದಾಗ ಎಂಜಿನ್ ಮೊದಲಿನಂತೆಯೇ ಕೆಮ್ಮಿತು.

ಹೊಸ ಆಕ್ಚುಯೇಟರನ್ನೇ ದೂರುವುದು ಸುಲಭವಿತ್ತು. ಆದರೆ ಪೂರ್ತಿ ಥ್ರಾಟಲ್‌ನಲ್ಲಿ ಬೈಪಾಸ್ ವಾಲ್ವ್ ಸ್ಪ್ರಿಂಗಿನ ಬಲದಿಂದ ಮುಚ್ಚಿರುತ್ತದೆ, ಡಯಾಫ್ರಮ್‌ಗೆ ಅಲ್ಲಿ ಕೆಲಸವೇ ಇಲ್ಲ. ಬೂಸ್ಟ್ 0.8 ಬಾರ್‌ನಲ್ಲಿ ಸ್ಥಿರವಾಗಿತ್ತು, ಹೀಗಾಗಿ ಚಿಕ್ಕ ಪುಲ್ಲಿಯ ಮೇಲೆ ಬೆಲ್ಟ್ ಜಾರುತ್ತಿದೆ ಎಂಬ ಶಂಕೆಯೂ ನಿಲ್ಲಲಿಲ್ಲ. ಇದು ಬೇರೆಯೇ ಕಾಯಿಲೆ.

ಎಕ್ಸಾಸ್ಟ್‌ಗೆ ಹಾಕಿದ್ದ ವೈಡ್‌ಬ್ಯಾಂಡ್ ಸೆನ್ಸರ್ ಲ್ಯಾಂಬ್ಡಾ 0.82 (1 ಸರಿಸಮ, ಅದಕ್ಕಿಂತ ಕಡಿಮೆಯಾದರೆ ರಿಚ್) ತೋರಿಸುತ್ತಾ, ಕೆಮ್ಮಿದ ಕ್ಷಣಗಳಲ್ಲಿ ಮಾತ್ರ ಲೀನ್ ಕಡೆಗೆ ಚಿಮ್ಮುತ್ತಿತ್ತು. ಇಲ್ಲಿ ಎಡವುವವರು ಬಹಳ. ಸಿಲಿಂಡರ್ ಉರಿಯದೆ ಹೋದರೆ ಅದರೊಳಗಿನ ಆಮ್ಲಜನಕ ಬಳಕೆಯಾಗದೆ ಎಕ್ಸಾಸ್ಟ್‌ಗೆ ಬರುತ್ತದೆ. ಸೆನ್ಸರ್ ಅದನ್ನು ಲೀನ್ ಎಂದು ಓದುತ್ತದೆ. ಅದನ್ನು ನಂಬಿ ಇಂಧನ ಹೆಚ್ಚಿಸಿದರೆ ಕಿಡಿಗೆ ಇನ್ನೂ ಕಷ್ಟ.

ನಿಜವಾಗಿ ಇಂಧನ ಸಾಲುತ್ತಿದೆಯೇ ಎಂದು ತಿಳಿಯಲು ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲ್‌ಗೆ ಗೇಜ್ ಜೋಡಿಸಿದರು. ಈ ಕಾರಿನ ರೆಗ್ಯುಲೇಟರ್ ಮ್ಯಾನಿಫೋಲ್ಡ್ ಒತ್ತಡಕ್ಕೆ ಹೊಂದಿಕೊಂಡು ಏರುವಂಥದು: ಮೂಲ ಒತ್ತಡ 3.5 ಬಾರ್ ಆದರೆ 0.8 ಬೂಸ್ಟ್‌ನಲ್ಲಿ 4.3 ಇರಬೇಕು. 4.3 ಇತ್ತು. ರೆಗ್ಯುಲೇಟರಿಗೆ ಮ್ಯಾನಿಫೋಲ್ಡ್ ಒತ್ತಡ ತರುವ ನಳಿಕೆ ಕಳಚಿದ್ದಿದ್ದರೆ ಇಂಜೆಕ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ 2.7ಕ್ಕೆ ಇಳಿದು, ಹರಿವು ಶೇ. 12ರಷ್ಟು ಕುಸಿಯುತ್ತಿತ್ತು. ಇಂಜೆಕ್ಟರ್ ಡ್ಯೂಟಿ, ಅಂದರೆ ಅದು ತೆರೆದಿರುವ ಸಮಯದ ಪಾಲು, ಶೇ. 78, ಇನ್ನೂ ಜಾಗವಿತ್ತು. ಇಂಧನದಲ್ಲಿ ದೋಷವಿಲ್ಲ, ಉಳಿದದ್ದು ಕಿಡಿ.

ಪ್ಲಗ್ ಬಿಚ್ಚಿದರು. ಹೊಸವೇ, ಎರಡನೆಯ ವರ್ಕ್‌ಶಾಪ್ ಹಾಕಿದವು. ಅದೇ ಎಂಜಿನ್ನಿನ ಸೂಪರ್‌ಚಾರ್ಜರ್ ಇಲ್ಲದ ಆವೃತ್ತಿಯ ಪ್ಲಗ್‌ಗಳವು. ಗ್ಯಾಪ್ (ಕಿಡಿ ಹಾರಬೇಕಾದ ಸಂದಿ) 1.1 ಮಿ.ಮೀ. ಇತ್ತು. ಬೂಸ್ಟ್‌ನಲ್ಲಿ ಸಿಲಿಂಡರಿನೊಳಗಿನ ಗಾಳಿ ದಟ್ಟವಾಗುತ್ತದೆ, ಅದೇ ಗ್ಯಾಪ್ ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಚಿಕ್ಕ ಪುಲ್ಲಿ ಆ ಬೇಡಿಕೆಯನ್ನು ಇನ್ನೂ ಏರಿಸಿತ್ತು. ಕಾಯಿಲ್ ಕೊಡಬಲ್ಲ ವೋಲ್ಟೇಜ್ ಸಾಲದೆ ಕಿಡಿ ನಂದುತ್ತಿತ್ತು. ಎರಡು ಪ್ಲಗ್‌ಗಳ ಪಿಂಗಾಣಿಯ ಮೇಲೆ ಕಪ್ಪು ಗೆರೆಗಳೂ ಇದ್ದವು. ಗ್ಯಾಪ್ ಹಾರಲಾಗದ ವಿದ್ಯುತ್ ಹೊರಮೈಯಿಂದ ಇಳಿದ ಗುರುತು. ಅಂಥ ಗೆರೆ ಒಮ್ಮೆ ಬಿದ್ದರೆ ಕಾಯಿಲಿನ ರಬ್ಬರ್ ಬೂಟ್‌ನ ಒಳಮೈಯನ್ನೂ ನೋಡಬೇಕು. ಇಲ್ಲಿ ಎರಡು ಬೂಟ್ ಬದಲಿಸಿದರು.

ಒಂದು ಹಂತ ಹೆಚ್ಚು ತಣ್ಣನೆಯ ಹೀಟ್ ರೇಂಜ್‌ನ (ಮೊನೆಯ ಬಿಸಿಯನ್ನು ಬೇಗ ಬಿಟ್ಟುಕೊಡುವ) ಇರಿಡಿಯಂ ಪ್ಲಗ್‌ಗಳನ್ನು 0.75 ಮಿ.ಮೀ. ಗ್ಯಾಪ್‌ಗೆ ತಂದು, ಎಂಜಿನ್ ತಣ್ಣಗಿದ್ದಾಗ ಒಣ ಎಳೆಗೆ 27 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟು ಕೂರಿಸಿದರು. ಇರಿಡಿಯಂನ ನಡುಮೊನೆ ಕೂದಲಿನಷ್ಟು ನಾಜೂಕು. ಅದನ್ನು ಮುಟ್ಟದೆ ಹೊರಗಿನ ಕೊಕ್ಕೆಯನ್ನಷ್ಟೇ ಬಗ್ಗಿಸಿ, ತಂತಿ ಗೇಜ್‌ನಿಂದ ಅಳೆಯಬೇಕು. ಮಿಸ್‌ಫೈರ್ ನಿಲ್ಲಿಸಿದ್ದು ಕಿರಿದಾದ ಗ್ಯಾಪ್. ತಣ್ಣನೆಯ ಪ್ಲಗ್ ಹಾಕಿದ್ದು ಬೇರೆ ಕಾರಣಕ್ಕೆ: ಹೆಚ್ಚಿದ ಬಿಸಿಯಲ್ಲಿ ಪ್ಲಗ್‌ನ ಮೊನೆಯೇ ಕೆಂಪಾಗಿ, ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳದಿರಲಿ ಎಂದು.

6,500 ಆರ್‌ಪಿಎಂವರೆಗೆ ಮೂರು ಸಲ ಎಳೆದರೂ ಮಿಸ್‌ಫೈರ್ ಎಣಿಕೆ ನಾಲ್ಕೂ ಸಿಲಿಂಡರುಗಳಲ್ಲಿ ಸೊನ್ನೆ.

ತೀರ್ಮಾನಗಳನ್ನು ತಿರುಗಿ ನೋಡಿದರೆ

ಮೂರು ದೂರುಗಳಿಗೂ ಒಂದೇ ಕಾರಣ ಇರಲೇಬೇಕೆಂದು ಹಟ ಹಿಡಿದದ್ದು ಮೊದಲ ಎರಡು ವರ್ಕ್‌ಶಾಪ್‌ಗಳ ಮೂಲ ತೊಡಕು. ಪಿ0171 ಮತ್ತು ಪಿ0300 ಒಟ್ಟಿಗೆ ಬಂದಾಗ ‘ಲೀನ್ ಆದ್ದರಿಂದಲೇ ಮಿಸ್‌ಫೈರ್’ ಎಂದು ಜೋಡಿಸುವುದು ಸಹಜ, ಬಹಳ ಸಲ ನಿಜವೂ ಹೌದು. ಇಲ್ಲಿ ಟ್ರಿಮ್ ಕೆಟ್ಟದ್ದು ಐಡಲಿಂಗ್‌ನಲ್ಲಿ, ಮಿಸ್‌ಫೈರ್ ಆದದ್ದು ತುಂಬು ಬೂಸ್ಟ್‌ನಲ್ಲಿ. ಎರಡೂ ಯಾವ ಆರ್‌ಪಿಎಂನಲ್ಲಿ, ಯಾವ ಲೋಡ್‌ನಲ್ಲಿ ಆಗುತ್ತಿವೆ ಎಂದು ಅಕ್ಕಪಕ್ಕ ಬರೆದಿದ್ದರೆ ಇವು ಬೇರೆ ಬೇರೆ ಎಂದು ಮೊದಲ ದಿನವೇ ಕಾಣುತ್ತಿತ್ತು. ಕೋಡ್‌ನ ಜೊತೆ ಇಸಿಯು ಉಳಿಸಿಡುವ ಫ್ರೀಜ್ ಫ್ರೇಮ್‌ನಲ್ಲಿ ಈ ಮಾಹಿತಿ ಇರುತ್ತದೆ. ಎರಡು ಕಡೆಯೂ ಅದನ್ನು ಓದದೆ ಕೋಡ್ ಅಳಿಸಿದ್ದರು.

ಹೊಸ ಭಾಗ ಸರಿಯಾದ ಭಾಗವೇ ಆಗಿರಬೇಕೆಂದಿಲ್ಲ. ಮೂರನೆಯ ವರ್ಕ್‌ಶಾಪ್ ಕೂಡ ‘ಪ್ಲಗ್ ಹೊಸದು’ ಎಂಬ ಮಾತು ಕೇಳಿ ಅವನ್ನು ಕೊನೆಗೆ ನೋಡಿತು. ಕಂಪ್ರೆಷನ್ ಪರೀಕ್ಷೆಗೆ ನಾಲ್ಕನ್ನೂ ಬಿಚ್ಚಿದ್ದಾಗಲೂ ಗ್ಯಾಪ್ ಅಳೆದಿರಲಿಲ್ಲ. ಇಂಥ ಕಾರು ಬಂದರೆ ಮೊದಲು ಕೇಳಬೇಕಾದದ್ದು ಪುಲ್ಲಿ ಬದಲಾಗಿದೆಯೇ, ಮ್ಯಾಪ್ ಬದಲಾಗಿದೆಯೇ ಎಂದು. ಉತ್ತರ ಹೌದಾದರೆ ಪ್ಲಗ್‌ನ ಸಂಖ್ಯೆ ಮತ್ತು ಗ್ಯಾಪ್ ಅಂದೇ ಪರೀಕ್ಷೆಯ ಪಟ್ಟಿಗೆ ಸೇರಬೇಕು.

ಡಯಾಫ್ರಮ್ ಸೀಳಿದ್ದು ವಯಸ್ಸಿನಿಂದ ಮಾತ್ರವಲ್ಲ. ಕ್ರ್ಯಾಂಕ್‌ಕೇಸ್‌ನ ಎಣ್ಣೆ ಆವಿ ನಡುಮನೆಗೆ ಸೇರುವ ನಳಿಕೆ ಆಕ್ಚುಯೇಟರಿನ ವ್ಯಾಕ್ಯೂಮ್ ನಳಿಕೆಗೆ ತೀರಾ ಹತ್ತಿರವಿತ್ತು. ಕತ್ತರಿಸಿದ ಡಯಾಫ್ರಮ್‌ನ ಒಳಮೈ ಎಣ್ಣೆಯಲ್ಲಿ ನೆನೆದು ಬಿರುಸಾಗಿತ್ತು. ಆ ಎಣ್ಣೆ ಆವಿಯನ್ನು ನಿಯಂತ್ರಿಸುವ ಪಿಸಿವಿ ವಾಲ್ವ್ ಬದಲಿಸಿ, ಮಾಲೀಕರಿಗೆ ಒಂದು ಚೀಟಿ ಬರೆದುಕೊಟ್ಟರು: ಪ್ಲಗ್ ಬದಲಿಸುವಾಗಲೆಲ್ಲ ಆಕ್ಚುಯೇಟರಿಗೆ ಕೈ ಪಂಪ್ ಹಾಕಿ 34 ಕಿಲೋಪ್ಯಾಸ್ಕಲ್‌ಗೆ ಎಳೆದು ಎರಡು ನಿಮಿಷ ನೋಡುವುದು, ಮುಳ್ಳು ಅಲುಗಿದರೆ ಜರ್ಕ್ ಬರುವವರೆಗೆ ಕಾಯದೆ ಬದಲಿಸುವುದು.